ಪಿಎಸ್3ಗೆ ನಾಲ್ಕು ಕೇಬಲ್ ದಾರಿ: ಅಣ್ಣನ ಮನೆಯಲ್ಲಿ ಹಾಕಿ ನೋಡಿದ್ದು

ಅಣ್ಣನ ಮನೆ ಚಿಕ್ಕಮಗಳೂರಿನ ಬಸವನಹಳ್ಳಿಯಲ್ಲಿದೆ. ಆಷಾಢದ ಮಳೆ ಹಿಡಿದರೆ ಮಕ್ಕಳು ಅಂಗಳಕ್ಕೂ ಇಳಿಯುವಂತಿಲ್ಲ. ಅದಕ್ಕೇ 2010ರಲ್ಲಿ ತಗೊಂಡಿದ್ದ ನನ್ನ ಪಿಎಸ್3 ಸ್ಲಿಮ್ (ಸೋನಿಯ ಪ್ಲೇಸ್ಟೇಷನ್ 3, ಟಿವಿಗೆ ಹಾಕಿ ಆಡುವ ಗೇಮ್ ಕನ್ಸೋಲ್) ಅನ್ನು ಅಣ್ಣನ ಮಗನಿಗೆ ಕೊಟ್ಟಿದ್ದೆ. ಹಳೇ ಡಬ್ಬಿ ಟಿವಿಗೆ ಹಳದಿ-ಕೆಂಪು-ಬಿಳಿ ಪಿನ್ನಿನ ಎವಿ ಕೇಬಲ್ ಹಾಕಿಕೊಂಡು ಚೆನ್ನಾಗಿಯೇ ಆಡುತ್ತಿದ್ದ. ಈ ವರ್ಷ 32 ಇಂಚಿನ ಎಚ್‌ಡಿ ರೆಡಿ ಟಿವಿ ಬಂತು. ಚಿತ್ರ, ಸದ್ದು ಎರಡನ್ನೂ ಒಂದೇ ವೈರಿನಲ್ಲಿ ಒಯ್ಯುವ ಎಚ್‌ಡಿಎಂಐ ಕೇಬಲ್ ಹಾಕಿದರೆ ಪರದೆ ಪೂರ್ತಿ ಕಪ್ಪು.

"ಚಿಕ್ಕಪ್ಪ, ಹಸಿರು ಲೈಟ್ ಉರೀತಿದೆ, ಚಿತ್ರ ಮಾತ್ರ ಬರ್ತಾ ಇಲ್ಲ" ಎಂದು ಫೋನ್ ಮಾಡಿದ.

ಅಣ್ಣ ಅದನ್ನು ಒಂದು ರಿಪೇರಿ ಅಂಗಡಿಗೆ ಒಯ್ದ. ಎಚ್‌ಡಿಎಂಐ ಪೋರ್ಟ್ ಹೋಗಿದೆ, ಬೋರ್ಡ್ ಕೆಲಸ ಆಗಬೇಕು ಅಂದರಂತೆ. ಇನ್ನೊಂದು ಟಿವಿಗೆ ಹಾಕಿಯೂ ನೋಡದೆ ಹೇಳಿದ ಮಾತು ಅದು. ಹುಡುಗ ಅದನ್ನು ನಂಬಿ ಸಪ್ಪಗಾಗಿದ್ದ. ನನಗೆ ತುಂಬಾ ಬೇಜಾರಾಯಿತು. ನಾನಿರುವುದು ಹಾಸನದಲ್ಲಿ. ಬೇಲೂರಿನ ಮೇಲೆ ಹೋದರೆ ಸುಮಾರು 60 ಕಿಲೋಮೀಟರ್. ಎರಡು ಭಾನುವಾರ ಹೋಗಿ ಕೂತು, ನಾಲ್ಕು ದಾರಿಯನ್ನೂ ಒಂದೊಂದಾಗಿ ಹಾಕಿ ನೋಡಿದೆ. ಅದೇ ಟಿವಿ, ಅದೇ ಕ್ರಿಕೆಟ್ ಗೇಮ್, ಎಂಟು ಅಡಿ ದೂರದಲ್ಲಿ ಹಾಸಿದ ಅದೇ ಚಾಪೆ. ನೋಡಿದ್ದು ಎರಡೇ ವಿಷಯ. ಮೂಲೆಯಲ್ಲಿರುವ ಸ್ಕೋರ್ ಓದಲು ಆಗುತ್ತಾ? ಬಟನ್ ಒತ್ತಿದ ಕೂಡಲೇ ಬ್ಯಾಟ್ ಬೀಸುತ್ತಾ?

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಏನನ್ನೂ ಕೊಳ್ಳುವ ಮೊದಲು ಪಿಎಸ್3ಯ ಪವರ್ ಬಟನ್ ಒತ್ತಿ ಹಿಡಿಯಿರಿ. ಹೇಗೆ ಅನ್ನುವುದು ಕೆಳಗಿದೆ. ಇದು ಗೊತ್ತಾಗುವ ಮೊದಲೇ ನಾನು ಎರಡು ವಸ್ತು ಕೊಂಡಿದ್ದೆ.

ಎವಿ ಕೇಬಲ್ ಬಗ್ಗೆ ಜಾಸ್ತಿ ಹೇಳಲು ಏನೂ ಇಲ್ಲ. ಹಾಕಿದ ತಕ್ಷಣ ಚಿತ್ರ ಬಂತು. ಕನ್ಸೋಲ್ ಸತ್ತಿಲ್ಲ ಅನ್ನುವುದು ಖಾತ್ರಿಯಾಯಿತು. ಅಷ್ಟರ ಮಟ್ಟಿಗೆ ಅದು ಉಪಕಾರವೇ. ಆದರೆ ಹೊಳಪು, ಬಣ್ಣ ಎಲ್ಲವೂ ಆ ಒಂದೇ ಹಳದಿ ವೈರಿನಲ್ಲಿ ಹೋಗಬೇಕು. ಅದರಲ್ಲಿ ಹೋಗುವುದು ಹೆಚ್ಚೆಂದರೆ 576 ಗೆರೆಗಳ ಚಿತ್ರ. ಎಚ್‌ಡಿ ಅದರಲ್ಲಿ ಹೋಗುವುದೇ ಇಲ್ಲ. ಡಬ್ಬಿ ಟಿವಿಯಲ್ಲಿ ಇದು ಗೊತ್ತಾಗುತ್ತಿರಲಿಲ್ಲ. ಹೊಸ ಟಿವಿ ಅದನ್ನೇ ಎಳೆದು ದೊಡ್ಡದು ಮಾಡುತ್ತದೆ. ಕೆಂಪು ಬಣ್ಣ ಹರಡಿಕೊಳ್ಳುತ್ತದೆ, ಸ್ಕೋರಿನ 6 ಮತ್ತು 8 ಒಂದೇ ಥರ ಕಾಣುತ್ತವೆ.

ಆಮೇಲೆ ಕನ್ವರ್ಟರ್ ಡಬ್ಬಿ. ಎವಿಯನ್ನು ಎಚ್‌ಡಿಎಂಐ ಮಾಡುವ ಬೆಂಕಿಪೊಟ್ಟಣದಷ್ಟಿನ ಪೆಟ್ಟಿಗೆ. 450 ರೂಪಾಯಿ ಕೊಟ್ಟೆ. ಮೇಲೆ 1080ಪಿ (ಅಂದರೆ 1080 ಗೆರೆಗಳ ಎಚ್‌ಡಿ ಚಿತ್ರ) ಎಂದು ಬರೆದಿದೆ, 720ಪಿಗೂ 1080ಪಿಗೂ ಬದಲಿಸಲು ಸ್ವಿಚ್ ಕೂಡ ಇದೆ. ಎಲ್ಲರೂ ಮೋಸ ಹೋಗುವುದು ಈ ಬರಹಕ್ಕೆ. ಒಳಗೆ ಹೋಗುವುದು ಅದೇ ಹಳದಿ ವೈರಿನ 576 ಗೆರೆ. ಡಬ್ಬಿ ಅದನ್ನು ಹಿಗ್ಗಿಸಿ 1080ರ ಚೌಕಟ್ಟಿಗೆ ತುಂಬುತ್ತದೆ, ಅಷ್ಟೇ. ನೀರು ಬೆರೆಸಿ ಎರಡು ಲೋಟ ಮಾಡಿದರೆ ಹಾಲು ಜಾಸ್ತಿ ಆಗುತ್ತಾ? ಟಿವಿ ಮಾತ್ರ ಮೂಲೆಯಲ್ಲಿ 1080ಪಿ ಎಂದು ತೋರಿಸುತ್ತದೆ, ನೋಡಿದವರು ನಂಬಿಬಿಡುತ್ತಾರೆ. ನೇರವಾಗಿ ಎವಿ ಹಾಕಿದ್ದಕ್ಕಿಂತ ಚಿತ್ರ ಒಂದು ಚೂರೂ ಮೇಲಿರಲಿಲ್ಲ.

ಅದಕ್ಕಿಂತ ಕೆಟ್ಟದ್ದು ತಡ. ಚಿತ್ರವನ್ನು ಹಿಗ್ಗಿಸಲು ಡಬ್ಬಿಗೂ ಸಮಯ ಬೇಕು, ಅದರ ಮೇಲೆ ಟಿವಿಯೂ ತನ್ನ ಸಮಯ ತಗೊಳ್ಳುತ್ತದೆ. ಹುಡುಗ ಪ್ರತಿ ಬಾಲಿಗೂ ಸರಿಯಾಗಿಯೇ ಒತ್ತುತ್ತಿದ್ದ. ಬ್ಯಾಟ್ ಬೀಸುವಷ್ಟರಲ್ಲಿ ಬಾಲ್ ಕೀಪರ್ ಕೈಯಲ್ಲಿ. "ನನಗೆ ಆಡೋದೇ ಮರೆತುಹೋಯ್ತಾ ಚಿಕ್ಕಪ್ಪ?" ಎಂದು ಕೇಳಿದ. ಟಿವಿಯಲ್ಲಿ ಗೇಮ್ ಮೋಡ್ ಹಾಕಿದ ಮೇಲೆ ಸ್ವಲ್ಪ ಸುಧಾರಿಸಿತು. ಹೊಸ ಟಿವಿಯಲ್ಲಿ ಹಳದಿ ಪಿನ್ನಿಗೆ ಜಾಗವೇ ಇಲ್ಲ ಅನ್ನುವವರಿಗೆ ಮಾತ್ರ ಈ ಡಬ್ಬಿ. ಎಚ್‌ಡಿ ಬೇಕು ಅಂತ ಇದನ್ನು ಕೊಳ್ಳಬೇಡಿ.

ಮೂರನೆಯದು ಕಾಂಪೊನೆಂಟ್ ಕೇಬಲ್. ಇದು ಈಗ ಸುಲಭಕ್ಕೆ ಸಿಗುವುದಿಲ್ಲ. ಹಾಸನದ ಒಂದು ಹಳೇ ಅಂಗಡಿಯಲ್ಲಿ ಧೂಳು ಹಿಡಿದು ಕೂತಿತ್ತು. ಪಿಎಸ್2ಗೂ ಪಿಎಸ್3ಗೂ ಎವಿ ಪೋರ್ಟ್ ಒಂದೇ ಥರದ್ದಾದ್ದರಿಂದ ಅದೇ ಕೇಬಲ್ ಎರಡಕ್ಕೂ ಆಗುತ್ತದೆ. ಚಿತ್ರಕ್ಕೆ ಹಸಿರು, ನೀಲಿ, ಕೆಂಪು ಮೂರು ಪಿನ್. ಸದ್ದಿಗೆ ಇನ್ನೊಂದು ಕೆಂಪು, ಒಂದು ಬಿಳಿ. ಎರಡು ಕೆಂಪು ಅದಲುಬದಲಾದರೆ ಬಣ್ಣವೇ ಕೆಡುತ್ತದೆ, ನೋಡಿ ಹಾಕಿ. ಕೇಬಲ್ ಹಾಕಿದರಷ್ಟೇ ಸಾಲದು. ಸೆಟ್ಟಿಂಗ್ಸ್ ಒಳಗೆ ಡಿಸ್‌ಪ್ಲೇ ಸೆಟ್ಟಿಂಗ್ಸ್, ಅದರಲ್ಲಿ ವಿಡಿಯೊ ಔಟ್‌ಪುಟ್‌ಗೆ ಹೋಗಿ ಕಾಂಪೊನೆಂಟ್ ಆರಿಸಿ 720ಪಿಗೆ ಟಿಕ್ ಹಾಕಬೇಕು.

ಹಾಕಿದೆ. ಸ್ಕೋರು, ಓವರು, ಬೌಲರ್ ಹೆಸರು ಎಲ್ಲ ಚಾಪೆಯಿಂದಲೇ ಓದಲು ಬಂತು. ಬ್ಯಾಟು ಬೆರಳಿನ ಜೊತೆಗೇ ಬೀಸಿತು. ವೈರು ಹಳೇ ಕಾಲದ್ದು, ಹೋಗುವುದು ನಿಜವಾದ ಎಚ್‌ಡಿ. ಪಿಎಸ್3 ಈ ದಾರಿಯಲ್ಲಿ ಗೇಮುಗಳನ್ನು 1080ಪಿವರೆಗೂ ಕಳಿಸುತ್ತದೆ. ಕೊರತೆ ಇರುವುದು ಡಿಸ್ಕ್ ವಿಷಯದಲ್ಲಿ. ಸಿನಿಮಾ ಡಿವಿಡಿಯನ್ನು ಪಿಎಸ್3 ಎಚ್‌ಡಿ ಗಾತ್ರಕ್ಕೆ ಏರಿಸುವುದು ಎಚ್‌ಡಿಎಂಐ ಮೂಲಕ ಮಾತ್ರ. 2011ರಲ್ಲಿ ಬಂದ 3000 ಸರಣಿಯಿಂದ ಈಚೆಯ ಮಾಡೆಲ್‌ಗಳಲ್ಲಿ ಬ್ಲೂ-ರೇ ಸಿನಿಮಾ ಕೂಡ ಕಾಂಪೊನೆಂಟ್‌ನಲ್ಲಿ ಎಚ್‌ಡಿ ಬರುವುದಿಲ್ಲ. ಗೇಮಿಗಷ್ಟೇ ಆದರೆ ಯಾವ ಚಿಂತೆಯೂ ಇಲ್ಲ. ಪೋರ್ಟ್ ನಿಜವಾಗಿ ಹೋಗಿದ್ದರೆ ಬೋರ್ಡ್ ಬಿಚ್ಚಿಸುವ ಮೊದಲು ಈ ಕೇಬಲ್ ಹುಡುಕಿ.

ಕೊನೆಗೆ ಎಚ್‌ಡಿಎಂಐ. ಹಾಸನದ ಮನೆಯ ಅಟ್ಟದ ಮೇಲೆ ಪಿಎಸ್3ಯ ಖಾಲಿ ಡಬ್ಬಿ ಇತ್ತು, ಅದರೊಳಗೆ ಕೈಪಿಡಿ. ಅದನ್ನು ಓದಿದಾಗ ಎಲ್ಲ ತಿಳಿಯಿತು. ಪಿಎಸ್3 ಚಿತ್ರವನ್ನು ಒಂದು ಹೊತ್ತಿಗೆ ಒಂದೇ ದಾರಿಯಲ್ಲಿ ಕಳಿಸುತ್ತದೆ. ಕೊನೆಗೆ ಯಾವುದನ್ನು ಆರಿಸಿದ್ದೆವೋ ಅದನ್ನೇ ನೆನಪಿಟ್ಟುಕೊಳ್ಳುತ್ತದೆ. ನಮ್ಮದು ಇನ್ನೂ ಡಬ್ಬಿ ಟಿವಿಯ ನೆನಪಲ್ಲೇ ಎವಿ ಪೋರ್ಟಿಗೆ ಚಿತ್ರ ಕಳಿಸುತ್ತಾ ಕೂತಿತ್ತು. ಪೋರ್ಟಿಗೆ ಏನೂ ಆಗಿರಲಿಲ್ಲ.

ಮಾಡಬೇಕಾದ್ದು ಇಷ್ಟು. ಎಚ್‌ಡಿಎಂಐ ಕೇಬಲ್ ಹಾಕಿ, ಟಿವಿಯಲ್ಲಿ ಅದೇ ಇನ್‌ಪುಟ್ ಆರಿಸಿ. ಕನ್ಸೋಲ್‌ನ ಲೈಟ್ ಕೆಂಪಾಗಿರಲಿ, ಅಂದರೆ ಆನ್ ಆಗಿರಬಾರದು. ಪವರ್ ಬಟನ್ ಒತ್ತಿದಾಗ ಒಂದು ಬೀಪ್ ಬರುತ್ತದೆ. ಬೆರಳು ತೆಗೆಯಬೇಡಿ. ಸುಮಾರು 5 ಸೆಕೆಂಡಿಗೆ ಇನ್ನೊಂದು ಬೀಪ್. ಆಗ ಬಿಡಿ. ಅದಕ್ಕೂ ಮೀರಿ ಹಿಡಿದರೆ ಆಫ್ ಆಗಿಬಿಡುತ್ತದೆ. ನಮ್ಮದು ಎರಡನೇ ಸಲಕ್ಕೆ ಸರಿಹೋಯಿತು. ಹುಡುಗನ ಕಿರುಚಾಟಕ್ಕೆ ಅತ್ತಿಗೆ ಅಡುಗೆಮನೆಯಿಂದ ಓಡಿ ಬಂದರು.

ಬೇರೆ ಕನ್ಸೋಲ್ ಇರುವವರಿಗೂ ಹೀಗೊಂದು ಉಪಾಯ ಇದೆ. ಎಕ್ಸ್‌ಬಾಕ್ಸ್ 360 ಆದರೆ ಆನ್ ಆಗುವಾಗ ವೈ ಬಟನ್ ಮತ್ತು ಬಲ ಟ್ರಿಗರ್ ಎರಡನ್ನೂ ಒತ್ತಿ ಹಿಡಿಯಬೇಕು. ಪಿಎಸ್4 ಪೂರ್ತಿ ಆಫ್ ಇರುವಾಗ ಪವರ್ ಬಟನ್ ಸುಮಾರು 7 ಸೆಕೆಂಡ್ ಹಿಡಿದರೆ ಸೇಫ್ ಮೋಡ್ ಎಂಬ ಮೆನು ಬರುತ್ತದೆ. ಕಂಟ್ರೋಲರನ್ನು ವೈರಿನಲ್ಲಿ ಜೋಡಿಸಿ ರೆಸಲ್ಯೂಷನ್ ಬದಲಿಸುವ ಆಯ್ಕೆ ಒತ್ತಿ.

ಎಚ್‌ಡಿಎಂಐಗೂ ಕಾಂಪೊನೆಂಟ್‌ಗೂ ಗೇಮಿನಲ್ಲಿ ನನ್ನ ಕಣ್ಣಿಗೆ ಕಂಡ ವ್ಯತ್ಯಾಸ ತೀರಾ ಕಡಿಮೆ. ಅಕ್ಷರದ ಅಂಚು ಎಚ್‌ಡಿಎಂಐಯಲ್ಲಿ ಇನ್ನೂ ಚೂಪು, ಸದ್ದಿಗೆ ಬೇರೆ ವೈರೂ ಬೇಡ. ಡಿವಿಡಿ ಹಾಕಿದರೆ ಮಾತ್ರ ಎಚ್‌ಡಿಎಂಐಯೇ ಎದ್ದು ಕಾಣುತ್ತದೆ. ಇಲ್ಲೂ 720ಪಿಯನ್ನೇ ಇಟ್ಟಿದ್ದೇನೆ. ಟಿವಿ ಪರದೆ ಇರುವುದು 1366 ಗುಣಿಸು 768 ಚುಕ್ಕೆ, ಪಿಎಸ್3ಯ ಎಷ್ಟೋ ಗೇಮುಗಳು ತಯಾರಾಗಿರುವುದೂ 720ಪಿಗೇ.

ಕಾಂಪೊನೆಂಟ್ ಕೇಬಲನ್ನು ಸುತ್ತಿ ಟಿವಿ ಸ್ಟ್ಯಾಂಡಿನ ಡ್ರಾಯರಿನಲ್ಲೇ ಇಟ್ಟು ಬಂದೆ. ಗುಡುಗು ಶುರುವಾಗುವ ಮೊದಲೇ ಪ್ಲಗ್ ಜೊತೆಗೆ ಕೇಬಲ್ ಟಿವಿ ವೈರು, ಎಚ್‌ಡಿಎಂಐ ಎರಡನ್ನೂ ಕಿತ್ತಿಡು ಎಂದು ಹುಡುಗನಿಗೆ ಹೇಳಿದ್ದೇನೆ.