ದಾಲ್ ಮಿಲ್ಲಿನ ತೊಗರಿ ಚುನ್ನಿ: ಮೇಯಲು ಹೋಗುವ ಆಕಳಿಗೆ ಎಷ್ಟು, ಹೇಗೆ, ಯಾವುದು ಬೇಡ

ಕಲಬುರಗಿಯಲ್ಲಿ ಹಾಲಿನ ಆಕಳಿಗೆ ತಿಂಡಿ ಹುಡುಕಿದರೆ ಮೊದಲು ಕೈಗೆ ಸಿಗುವುದು ತೊಗರಿ ಚುನ್ನಿ. ಬೇಳೆ ಒಡೆಯುವಾಗ ಉದುರುವ ಚೂರು, ಹಿಟ್ಟು, ಜೊತೆಗೊಂದಿಷ್ಟು ಸಿಪ್ಪೆ ಸೇರಿದ ಸರಕು ಇದು. ಹಗಲೆಲ್ಲ ಮೇಯ್ದು ಬರುವ ಆಕಳಿಗೆ ಇದು ಒಳ್ಳೆಯ ಆಹಾರ, ಧಾರಾಳವಾಗಿ ಕೊಳ್ಳಬಹುದು. ಆದರೆ ಚುನ್ನಿ ಹಾಕಿದ ಮಾತ್ರಕ್ಕೆ ಡೇರಿಯಲ್ಲಿ ಫ್ಯಾಟ್ ಏರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಫ್ಯಾಟ್ ಕಟ್ಟುವುದು ಕಣಕಿ, ಅಂದರೆ ಜೋಳದ ಒಣ ದಂಟು.

ಕಣಕಿಯ ನಾರು ಹೊಟ್ಟೆಯಲ್ಲಿ ಹುದುಗಿ ಅಸಿಟಿಕ್ ಆಮ್ಲವಾಗುತ್ತದೆ, ಕೆಚ್ಚಲು ಅದರಿಂದ ಕೊಬ್ಬು ಮಾಡಿಕೊಳ್ಳುತ್ತದೆ. ಮೆಲುಕು ಹಾಕಿದಷ್ಟೂ ಜೊಲ್ಲು ಒಳಗಿಳಿದು ಹೊಟ್ಟೆಯ ಹುಳಿಯನ್ನು ಮುರಿಯುತ್ತದೆ. ಮುಂಗಾರಿನ ಎಳೆ ಹುಲ್ಲಿನಲ್ಲಿ ನೀರು ಹೆಚ್ಚು, ನಾರು ಕಡಿಮೆ. ಅದಕ್ಕೇ ಆ ದಿನಗಳಲ್ಲಿ ಹಾಲು ಹೆಚ್ಚಿ ಫ್ಯಾಟ್ ಇಳಿಯುತ್ತದೆ. ಇದಕ್ಕೆ ಮದ್ದು ಸುಲಭ: ಬೆಳಗ್ಗೆ ಮೇಯಲು ಬಿಡುವ ಮೊದಲು 2 ಕಿಲೋ ಒಣ ಜೋಳದ ಕಣಕಿ, ರಾತ್ರಿ 3 ಕಿಲೋ. ಯಂತ್ರದಲ್ಲಿ ಕತ್ತರಿಸುವುದಾದರೆ ಒಂದರಿಂದ ಎರಡು ಇಂಚು ಉದ್ದವಿರಲಿ. ಪುಡಿಯಾದ ಕಣಕಿ ಮೆಲುಕು ಹುಟ್ಟಿಸುವುದಿಲ್ಲ.

ಚುನ್ನಿಯ ಕೆಲಸ ಬೇರೆ, ಅದು ಪ್ರೋಟೀನು ಕೊಡುತ್ತದೆ. ಚೂರು ಹೆಚ್ಚಿರುವ ಚುನ್ನಿಯಲ್ಲಿ ಸಾಮಾನ್ಯವಾಗಿ ನೂರಕ್ಕೆ 15ರಿಂದ 19 ಭಾಗ ಪ್ರೋಟೀನು ಇರುತ್ತದೆ. ಸಿಪ್ಪೆ ಹೆಚ್ಚಾದಂತೆ ಇದು ಇಳಿಯುತ್ತದೆ, ಮೋಸ ಆಗುವುದೂ ಇಲ್ಲೇ. ಕಂಪನಿಯ ಗುಳಿಗೆ ಹಿಂಡಿಯ ಚೀಲದ ಮೇಲೆ ಪ್ರೋಟೀನು ಎಷ್ಟೆಂದು ಬರೆದಿರುತ್ತದೆ. ಬಿಡಿ ಚುನ್ನಿಗೆ ಆ ಚೀಟಿ ಇರುವುದಿಲ್ಲ, ನಾವೇ ನೋಡಿಕೊಳ್ಳಬೇಕು.

ಅಂಗೈ ಮೇಲೆ ಹರಡಿ ನೋಡಿ. ಹಳದಿ ಚೂರು ಎದ್ದು ಕಾಣಬೇಕು, ಕಂದು ಸಿಪ್ಪೆ ಅದರ ನಡುವೆ ಅಲ್ಲಲ್ಲಿ ಇರಬೇಕು. ಆಮೇಲೆ ಒಂದು ಹಿಡಿ ಚುನ್ನಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಕಲಕಿ, ಐದು ನಿಮಿಷ ಬಿಡಿ. ಸಿಪ್ಪೆ ತೇಲುತ್ತದೆ, ಚೂರು ಮುಳುಗುತ್ತದೆ. ನೀರು ಬಗ್ಗಿಸಿ ತಳ ಸವರಿದರೆ ಮರಳು ಇದೆಯೋ ಇಲ್ಲವೋ ಬೆರಳಿಗೇ ತಿಳಿಯುತ್ತದೆ. ತೇಲಿದ್ದು ಅರ್ಧಕ್ಕಿಂತ ಹೆಚ್ಚಿದ್ದರೆ ಅದು ಹೊಟ್ಟು, ಚುನ್ನಿಯ ದರ ಕೊಡಬೇಡಿ. ಮೂಸಿಯೂ ನೋಡಬೇಕು. ಮಿಲ್ಲಿನಲ್ಲಿ ಸಿಪ್ಪೆ ಬಿಡಿಸಲು ತೊಗರಿಗೆ ಎಣ್ಣೆ ಸವರುತ್ತಾರೆ, ಹಾಗಾಗಿ ಹಳೆಯ ಚುನ್ನಿ ಕಮಟು ವಾಸನೆ ಹೊಡೆಯುತ್ತದೆ. ಅಂಥದ್ದನ್ನು ಆಕಳು ಮೂಸಿ ಬಿಟ್ಟುಬಿಡುತ್ತದೆ.

ಇನ್ನು ಮಿಶ್ರಣ. 10 ಕಿಲೋಗೆ ಚುನ್ನಿ 4, ಹತ್ತಿಕಾಳು ಹಿಂಡಿ 3, ಗೋವಿನಜೋಳದ ನುಚ್ಚು 3. ಒಟ್ಟು ಪ್ರೋಟೀನು ನೂರಕ್ಕೆ ಸುಮಾರು 16 ಬರುತ್ತದೆ. ನುಚ್ಚು ದುಬಾರಿ ಎಂದು ಬಿಡುವವರೇ ಹೆಚ್ಚು, ತಪ್ಪು ಅಲ್ಲೇ ಆಗುವುದು. ಶಕ್ತಿ ಸಾಲದಿದ್ದರೆ ಹೊಟ್ಟೆಯ ಸೂಕ್ಷ್ಮಜೀವಿಗಳು ಚುನ್ನಿಯ ಪ್ರೋಟೀನನ್ನು ಬಳಸಲಾರವು, ಅದು ಮೂತ್ರದಲ್ಲಿ ಹೋಗುತ್ತದೆ, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಮೇಲೇಳುವುದಿಲ್ಲ. ಆಕಳ ಹಾಲಿಗೆ ಕಾನೂನು ಕೇಳುವ ಕನಿಷ್ಠ ಮಟ್ಟ ನೂರಕ್ಕೆ ಫ್ಯಾಟ್ 3.2, ಎಸ್‌ಎನ್‌ಎಫ್ 8.3. ಬೇಸಿಗೆಯಲ್ಲಿ ಬೀಳು ಒಣಗಿದಾಗ ಹಲವರ ಹಾಲು ಸೋಲುವುದು ಎರಡನೆಯದರಲ್ಲೇ.

ಈ ಮಿಶ್ರಣ ಆಕಳ ಮೈ ಪೋಷಣೆಗೆ ದಿನಕ್ಕೆ ಒಂದರಿಂದ ಒಂದೂವರೆ ಕಿಲೋ, ಆಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಲೆಕ್ಕ. 8 ಲೀಟರ್ ಕರೆಯುವ ಜರ್ಸಿ ಮಿಶ್ರತಳಿಗೆ ಸುಮಾರು ನಾಲ್ಕೂವರೆ ಕಿಲೋ, ಎರಡು ಹೊತ್ತಿಗೆ ಹಂಚಿ. 3 ಲೀಟರ್ ಕೊಡುವ ಬೀದರ್ ಕಡೆಯ ದೇವಣಿಗೆ ಎರಡರಿಂದ ಎರಡೂವರೆ ಕಿಲೋ ಸಾಕು. ಬೀಳಿನಲ್ಲಿ ಹಸಿರು ಚೆನ್ನಾಗಿದ್ದರೆ ಇನ್ನೂ ಕಡಿಮೆ ಮಾಡಿ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, 30 ಗ್ರಾಂ ಉಪ್ಪು ಬೇರೆಯಾಗಿ ಅಳೆದು ಬೆರೆಸಿ. ಇವನ್ನು ಚುನ್ನಿ ತುಂಬಿಕೊಡುವುದಿಲ್ಲ. ಬೈಪಾಸ್ ಫ್ಯಾಟ್ ಪುಡಿ (ಮೊದಲ ಹೊಟ್ಟೆಯಲ್ಲಿ ಕರಗದೆ ಮುಂದೆ ಸಾಗುವ ಕೊಬ್ಬು) ಹೆಚ್ಚು ಹಾಲಿನ, ಹೊಸದಾಗಿ ಕರು ಹಾಕಿದ ಆಕಳಿಗೆ ಸರಿ. ಮೂರು ಲೀಟರಿನ ಆಕಳಿಗೆ ಅದನ್ನು ಹಾಕುವುದು ದುಡ್ಡು ದಂಡ.

ಹೊಸದಾಗಿ ಶುರು ಮಾಡುವವರು ಅರ್ಧ ಕಿಲೋದಿಂದ ಆರಂಭಿಸಿ 8-10 ದಿನದಲ್ಲಿ ಪೂರ್ತಿ ಅಳತೆಗೆ ಬನ್ನಿ. ಒಮ್ಮೆಲೇ ಸುರಿದರೆ ಭೇದಿಯಾಗುತ್ತದೆ, ಹೊಟ್ಟೆ ಉಬ್ಬುತ್ತದೆ. ರಾತ್ರಿಯಿಡೀ ನೆನೆಸಿಡುವ ರೂಢಿ ನಮ್ಮ ಬಿಸಿಲಿಗೆ ಹೊಂದುವುದಿಲ್ಲ, ಬೆಳಗಾಗುವಷ್ಟರಲ್ಲಿ ಹುಳಿ ಬಂದಿರುತ್ತದೆ. ಎರಡು ತಾಸು ಸಾಕು. ಆಕಳು ಮಲಗಿರುವಾಗ ಗಮನಿಸಿ: ಒಂದು ತುತ್ತನ್ನು 50-60 ಸಲ ಅಗಿಯುತ್ತಿದ್ದರೆ ನಾರು ಸರಿಯಾಗಿದೆ. ತೀರ ಕಡಿಮೆಯಿದ್ದರೆ ತಿಂಡಿ ಇಳಿಸಿ ಕಣಕಿ ಏರಿಸಿ.

ಸುಗ್ಗಿ ಮುಗಿದ ಮೇಲೆ ದರ ಇಳಿದಿದೆ ಎಂದು ಮಳೆಗಾಲಕ್ಕೂ ಸೇರಿಸಿ ಚೀಲ ಪೇರಿಸುವುದು ಬೇಡ. ತಿಂಗಳಿಗಾಗುವಷ್ಟು ತನ್ನಿ. ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡಿ. ಗಂಟು ಕಟ್ಟಿ ಬೂಸ್ಟು ಹಿಡಿದದ್ದನ್ನು ಬಿಸಿಲಿಗೆ ಹಾಕಿ ಬಳಸುವವರಿದ್ದಾರೆ. ಬಿಸಿಲಿಗೆ ಬೂಸ್ಟು ಉದುರಿದರೂ ಅದು ಬಿಟ್ಟ ಅಫ್ಲಾಟಾಕ್ಸಿನ್ ವಿಷ ಚುನ್ನಿಯಲ್ಲೇ ಉಳಿದು ಹಾಲಿಗೆ ಇಳಿಯುತ್ತದೆ, ಹಾಲು ಕಾಯಿಸಿದರೂ ಹೋಗುವುದಿಲ್ಲ. ಆ ಚೀಲವನ್ನು ತಿಪ್ಪೆಗೆ ಹಾಕಿ.