ಡೋವೊ ಕ್ಷೌರದ ಕತ್ತಿ: ಎರಡು ವರ್ಷಗಳ ಬಳಕೆಯ ನಂತರ

ಜರ್ಮನಿಯ ಸೋಲಿಂಗೆನ್ ನಗರದ ಡೋವೊ ಕಂಪನಿಯ ಮಡಚುವ ಕ್ಷೌರದ ಕತ್ತಿಯನ್ನು ನಾನು ಎರಡು ವರ್ಷಗಳಿಂದ, ವಾರಕ್ಕೆ ನಾಲ್ಕು ದಿನ ಬಳಸುತ್ತಿದ್ದೇನೆ. ಅಲಗಿನ ಅಗಲ ಇಂಚಿನ ಎಂಟು ಭಾಗಗಳಲ್ಲಿ ಐದು, ಎಂದರೆ ಸುಮಾರು 16 ಮಿಲಿಮೀಟರ್. ಉಕ್ಕು ಕಾರ್ಬನ್ ಜಾತಿಯದು, ಮೊನೆ ದುಂಡಗಿದೆ, ಹಿಡಿ ಯಾವ ಅಲಂಕಾರವೂ ಇಲ್ಲದ ಕಪ್ಪು ಪ್ಲಾಸ್ಟಿಕ್. ಇಂತಹ ಕತ್ತಿಯನ್ನು ಕೊಳ್ಳುವಾಗ ಹಣವನ್ನು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬಹುದು ಎಂಬುದನ್ನು ನಾನು ಇದಕ್ಕೂ ಮುಂಚಿನ ಒಂದು ತಪ್ಪು ಖರೀದಿಯಿಂದ ಕಲಿತೆ.

ಆನ್‌ಲೈನಿನಲ್ಲಿ ತರಿಸಿದ ಆ ಮೊದಲ ಕತ್ತಿಗೆ ಕೊಂಬಿನ ಹಿಡಿ ಇತ್ತು, ಅಲಗಿನ ಮೇಲೆ ಬಳ್ಳಿಯ ಕೆತ್ತನೆ ಇತ್ತು. ಎಷ್ಟು ಮಸೆದರೂ ಕೆನ್ನೆ ಉರಿಯುತ್ತಿತ್ತು. ಕೊನೆಗೊಂದು ದಿನ ಮೇಜಿನ ಗಾಜಿನ ಮೇಲೆ ಅಲಗನ್ನು ಮಲಗಿಸಿ ನೋಡಿದೆ. ಬೆನ್ನೂ ಅಂಚೂ ಉದ್ದಕ್ಕೂ ಒಟ್ಟಿಗೆ ಗಾಜನ್ನು ಮುಟ್ಟಬೇಕಾಗಿತ್ತು. ಆದರೆ ಮೊನೆಯ ಕಡೆ ಬೆರಳಿಟ್ಟರೆ ಬುಡ ಮೇಲೇಳುತ್ತಿತ್ತು. ಅಂಚಿನುದ್ದಕ್ಕೂ ಮಾರ್ಕರಿನ ಕಪ್ಪು ಮಸಿ ಬಳಿದು ಸಾಣೆಕಲ್ಲಿನ ಮೇಲೆ ಒಮ್ಮೆ ಎಳೆದಾಗ ಎರಡು ತುದಿಗಳ ಮಸಿ ಅಳಿಸಿಹೋಯಿತು, ನಡುವೆ ಎರಡು ಬೆರಳಗಲದಷ್ಟು ಹಾಗೆಯೇ ಉಳಿಯಿತು. ಆ ಜಾಗ ಕಲ್ಲನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ಕ್ಷೌರದ ಕತ್ತಿಯನ್ನು ಮಸೆಯುವಾಗ ಅಡುಗೆಮನೆಯ ಚಾಕುವಿನಂತೆ ಕೋನವನ್ನು ಕೈಯಿಂದ ಅಂದಾಜು ಮಾಡುವುದಿಲ್ಲ. ಬೆನ್ನನ್ನೂ ಅಂಚನ್ನೂ ಕಲ್ಲಿನ ಮೇಲೆ ಚಪ್ಪಟೆಯಾಗಿ ಮಲಗಿಸುತ್ತೇವೆ, ಬೆನ್ನಿನ ದಪ್ಪವೇ ಕೋನವನ್ನು ನಿರ್ಧರಿಸುತ್ತದೆ. ಅಲಗು ಸೊಟ್ಟಗಿದ್ದರೆ ಅಥವಾ ಬೆನ್ನಿನ ದಪ್ಪ ಒಂದೊಂದು ಕಡೆ ಒಂದೊಂದು ತೆರನಾಗಿದ್ದರೆ ಕೈಚಳಕದಿಂದ ಅದನ್ನು ಸರಿಪಡಿಸಲಾಗದು. ಡೋವೊ ಕತ್ತಿಗೂ ಇದೇ ಮಸಿಯ ಪರೀಕ್ಷೆ ಮಾಡಿದೆ. ಎರಡನೆಯ ಎಳೆತಕ್ಕೆ ಬುಡದಿಂದ ಮೊನೆಯವರೆಗೆ ಮಸಿ ಒಂದೇ ಸಮನೆ ಅಳಿಸಿತು, ಮತ್ತು ಈ ಕತ್ತಿಯನ್ನು ನಾನು ಮೆಚ್ಚಲು ಇದೇ ಮುಖ್ಯ ಕಾರಣ.

ಸೋಲಿಂಗೆನ್ ಎಂಬ ಹೆಸರಿಗೆ ಜರ್ಮನಿಯಲ್ಲಿ 1938ರಿಂದ ಕಾನೂನಿನ ರಕ್ಷಣೆಯಿದೆ; 1994ರ ನಿಯಮದ ಪ್ರಕಾರ ತಯಾರಿಕೆಯ ಮುಖ್ಯ ಹಂತಗಳೆಲ್ಲ ಆ ಪ್ರದೇಶದಲ್ಲಿಯೇ ನಡೆದಿದ್ದರೆ ಮಾತ್ರ ಆ ಹೆಸರನ್ನು ಅಲಗಿನ ಮೇಲೆ ಒತ್ತಬಹುದು. ಆದರೆ ಅಗ್ಗದ ನಕಲುಗಳ ಮೇಲೂ ಅದೇ ಹೆಸರು ಕಾಣುವುದರಿಂದ ಮುದ್ರೆಯೊಂದನ್ನೇ ನಂಬಿ ಕೊಳ್ಳುವುದು ಸರಿಯಲ್ಲ. ಅಲಗಿನ ಎರಡೂ ಪಕ್ಕಗಳನ್ನು ಒಳಕ್ಕೆ ಎಷ್ಟು ಆಳವಾಗಿ ಕೊರೆದಿದ್ದಾರೆ ಎಂಬುದನ್ನು ಗಮನಿಸಬೇಕು. ಇಂಗ್ಲೆಂಡಿನ ಶೆಫೀಲ್ಡ್‌ನ ಹಳೆಯ ಕತ್ತಿಗಳು ಬಹುಪಾಲು ಬೆಣೆಯಂತೆ ದಪ್ಪಗಿರುತ್ತಿದ್ದವು, ಒರಟು ಗಡ್ಡದಲ್ಲಿಯೂ ಅದುರದೆ ಸಾಗುತ್ತಿದ್ದವು. ನನ್ನ ಕತ್ತಿಯ ಎರಡೂ ಪಕ್ಕಗಳನ್ನು ಪೂರ್ತಿ ಒಳಬಾಗುವಂತೆ ಕೊರೆದಿದ್ದಾರೆ. ಅಂಚಿನ ಬಳಿ ಅಲಗು ಎಷ್ಟು ತೆಳುವಾಗಿದೆಯೆಂದರೆ ಕೂದಲು ಕತ್ತರಿಸುವ ಸಣ್ಣ ಸದ್ದು ಕಿವಿಗೆ ಸ್ಪಷ್ಟವಾಗಿ ಕೇಳುತ್ತದೆ. ಕೋನ ತಪ್ಪಿದರೆ ಆ ಸದ್ದು ಬದಲಾಗುವುದರಿಂದ ಕಲಿಯುವವರಿಗೆ ಇದರಷ್ಟು ಒಳ್ಳೆಯ ಗುರು ಇನ್ನೊಂದಿಲ್ಲ.

ಮೊನೆ ದುಂಡಗಿರಲಿ; ಚೂಪು ಮೊನೆ ಮೀಸೆಯ ಅಂಚು ತಿದ್ದಲು ಅನುಕೂಲವಾದರೂ ಹೊಸಬರ ಕಿವಿಯ ಬುಡವನ್ನು ಗಾಯಗೊಳಿಸುತ್ತದೆ.

ಕತ್ತಿಗೆ ಕೊಟ್ಟ ಹಣದ ಅರ್ಧಕ್ಕೂ ಹೆಚ್ಚು ನನಗೆ ಅಂಚನ್ನು ನಯಗೊಳಿಸುವ ಚರ್ಮದ ಪಟ್ಟಿಗೂ ಸಾಣೆಕಲ್ಲುಗಳಿಗೂ ಖರ್ಚಾಯಿತು, ಮತ್ತು ಆ ಖರ್ಚನ್ನು ಯಾರೂ ಮುಂದೂಡಬಾರದು. ಪ್ರತಿ ಕ್ಷೌರಕ್ಕೂ ಮುನ್ನ ಪಟ್ಟಿಯ ಮೇಲೆ ನಲವತ್ತು ಐವತ್ತು ಸಲ ಎಳೆಯಬೇಕು, ಬೆನ್ನು ಮುಂದೆ, ಅಂಚು ಹಿಂದೆ. ಇದನ್ನು ನನಗೆ ಕೈಹಿಡಿದು ಕಲಿಸಿದವರು ನಮ್ಮ ಬೀದಿಯ ಹಿರಿಯ ಕ್ಷೌರಿಕರು. ಸೋಂಕಿನ ಭಯದಿಂದ ಅವರ ಅಂಗಡಿಯೂ ಬಹಳ ಹಿಂದೆಯೇ ಬದಲಾಯಿಸುವ ಬ್ಲೇಡಿಗೆ ಹೊರಳಿದೆ, ಆದರೂ ಕೈ ಏನನ್ನೂ ಮರೆತಿಲ್ಲ. "ತಿರುಗಿಸುವಾಗ ಬೆನ್ನಿನ ಮೇಲೆ ಹೊರಳಿಸಿ, ಅಂಚಿನ ಮೇಲೆ ಹೊರಳಿಸಿದರೆ ಪಟ್ಟಿಯೂ ಹೋಯಿತು, ಕತ್ತಿಯೂ ಹೋಯಿತು" ಎಂದು ಅವರು ಮೂರು ಸಲ ಹೇಳಿದರು. ಎರಡು ತಿಂಗಳಿಗೊಮ್ಮೆ ಪಟ್ಟಿಯೊಂದರಿಂದಲೇ ಹರಿತ ಮರಳದ ಹಂತ ಬರುತ್ತದೆ. ಆಗ 8000 ಗ್ರಿಟ್‌ನ (ಕಲ್ಲಿನ ನಯದ ಅಳತೆ; ಅಂಕಿ ಹೆಚ್ಚಿದಷ್ಟೂ ಕಲ್ಲು ನಯ) ಕಲ್ಲಿನ ಮೇಲೆ, ಕೈಯ ಭಾರವನ್ನಷ್ಟೇ ಬಿಟ್ಟು, ಹತ್ತಾರು ಸಲ ಎಳೆಯುತ್ತೇನೆ.

ಕಾರ್ಬನ್ ಉಕ್ಕು ಬೇಗ ಹರಿತಗೊಳ್ಳುತ್ತದೆ, ಆದರೆ ತುಕ್ಕು ಹಿಡಿಯುತ್ತದೆ. ನಾನಿರುವ ಮಂಗಳೂರಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗಲು ಹಾಕಿದ ಬಟ್ಟೆಯೇ ಒಣಗುವುದಿಲ್ಲವಾದ್ದರಿಂದ ಕತ್ತಿಯನ್ನು ಬಚ್ಚಲುಮನೆಯಲ್ಲಿಡುವ ಮಾತೇ ಇಲ್ಲ. ಕ್ಷೌರ ಮುಗಿದ ಕೂಡಲೇ ಒರೆಸಿ, ಹಿಡಿಯೊಳಗೆ ಸೇರಿದ ನೀರು ಆರಲು ಅರ್ಧ ಗಂಟೆ ತೆರೆದಿಟ್ಟು, ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಸವರಿ ಮಲಗುವ ಕೋಣೆಯ ಕಪಾಟಿನಲ್ಲಿ ಇಡುತ್ತೇನೆ. ಎರಡು ಮಳೆಗಾಲ ಕಳೆದರೂ ಅಲಗಿನ ಮೇಲೆ ಒಂದು ಚುಕ್ಕೆಯೂ ಬಿದ್ದಿಲ್ಲ. ಈ ಐದು ನಿಮಿಷದ ಉಪಚಾರಕ್ಕೆ ಪುರುಸೊತ್ತಿಲ್ಲದ ಕರಾವಳಿಯವರು ಸ್ಟೇನ್‌ಲೆಸ್ ಉಕ್ಕಿನ ಅಲಗನ್ನೇ ಕೊಳ್ಳಲಿ. ಮಸೆಯಲು ಅದಕ್ಕೆ ಸ್ವಲ್ಪ ಹೆಚ್ಚು ಹೊತ್ತು ಬೇಕು, ಅಷ್ಟೇ.