ಬೂಸ್ಟ್ ಏರಿಸಿ ಗೇರ್‌ಬಾಕ್ಸ್ ಕಳಕೊಂಡ ಪುಣೆಯ ಕಾರು: ಡ್ರ್ಯಾಗ್‌ಗೆ ಹೊರಟವರು ಓದಿಕೊಳ್ಳಿ

ಕಾರು ಚಿಕ್ಕದು. ಮೂರು ಸಿಲಿಂಡರ್, 1.0 ಲೀಟರ್ ಟರ್ಬೊ, ಆರು ಗೇರಿನ ಮ್ಯಾನ್ಯುವಲ್. ಕಂಪನಿ ಲೆಕ್ಕದಲ್ಲಿ ಕಸುವು 110 ಪಿಎಸ್, ಟಾರ್ಕ್ (ತಿರುಗಿಸುವ ಬಲ) 175 ಎನ್‌ಎಂ. ಓಡಿಸುವವನು ಹುಬ್ಬಳ್ಳಿ ಹುಡುಗ, ಕೆಲಸ ಪುಣೆಯ ಹಿಂಜವಡಿಯಲ್ಲಿ. ಏನೂ ಮಾಡಿಸದೆ ಮೊದಲ ಸಲ ಡ್ರ್ಯಾಗ್ ಪಂದ್ಯದಲ್ಲಿ, ನಿಂತಲ್ಲಿಂದ ನೇರಕ್ಕೆ ಕ್ವಾರ್ಟರ್ ಮೈಲು, ಅಂದರೆ 402 ಮೀಟರು ಓಡಿಸಿದಾಗ ಕೈಗೆ ಬಂದ ಚೀಟಿಯಲ್ಲಿ ಮೂರು ಅಂಕಿ ಇದ್ದವು: ಮೊದಲ 60 ಅಡಿಗೆ 2.52 ಸೆಕೆಂಡ್, ಒಟ್ಟು 17.30, ಗೆರೆ ದಾಟುವಾಗಿನ ವೇಗ ಗಂಟೆಗೆ 129 ಕಿ.ಮೀ. ಆಮೇಲೆ ಭೋಸರಿ ಕಡೆಯ ಒಂದು ಗ್ಯಾರೇಜಿನಲ್ಲಿ ರೀಮ್ಯಾಪ್ (ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಯುನ ಲೆಕ್ಕ ಬದಲಿಸಿ ಬೂಸ್ಟ್, ಅಂದರೆ ಟರ್ಬೊ ತುಂಬುವ ಗಾಳಿಯ ಒತ್ತಡ ಏರಿಸುವುದು), ಟರ್ಬೊದಿಂದ ಹೊಗೆ ಹೊರಗೊಯ್ಯುವ ದೊಡ್ಡ ಡೌನ್‌ಪೈಪ್, ಕಾರನ್ನು ನೆಲದತ್ತ ಇಳಿಸುವ ಲೋವರಿಂಗ್ ಸ್ಪ್ರಿಂಗ್, 17 ಇಂಚಿನ ಅಲಾಯ್ ಎಲ್ಲವೂ ಆಯಿತು. 155 ಪಿಎಸ್, 230 ಎನ್‌ಎಂ ಎಂದು ಕಾಗದವನ್ನೂ ಕೊಟ್ಟರು. ಎರಡನೇ ಸಲ ಬಂದ ಚೀಟಿ: 60 ಅಡಿಗೆ 2.86, ಒಟ್ಟು 17.14, ವೇಗ 137. ಲಕ್ಷಕ್ಕೂ ಮೀರಿ ಸುರಿದು ಗಳಿಸಿದ್ದು 0.16 ಸೆಕೆಂಡ್. ಅದೇ ದಿನ ಮೂರನೇ ಓಟಕ್ಕೆ ಗೇರ್‌ಬಾಕ್ಸ್ ಹೊರಕವಚ ಸೀಳಿ ಎಣ್ಣೆಯೆಲ್ಲ ಡಾಂಬರಿನ ಮೇಲೆ.

ಚೀಟಿ ಓದಲು ಬಂದಿದ್ದರೆ ಎರಡನೇ ಓಟಕ್ಕೇ ನಿಲ್ಲಿಸಬಹುದಿತ್ತು. ಕೊನೆಯ ವೇಗ ಹೇಳುವುದು ಎಂಜಿನ್ನಿನ ಕಸುವನ್ನು, 60 ಅಡಿಯ ಸಮಯ ಹೇಳುವುದು ಟೈರಿನ ಹಿಡಿತವನ್ನು. ತೂಕ ಬದಲಾಗದಿದ್ದರೆ ಕಸುವು ವೇಗದ ಘನಕ್ಕೆ ತಕ್ಕಂತೆ ಏರುತ್ತದೆ: 137ನ್ನು 129ರಿಂದ ಭಾಗಿಸಿ ಮೂರು ಸಲ ಗುಣಿಸಿದರೆ 1.2. ಅಂದರೆ 110 ಪಿಎಸ್ ಹೋಗಿ ಬಂದದ್ದು ಸುಮಾರು 132, ಕಾಗದದ ಮೇಲಿನ 155 ಅಲ್ಲ. ಆ ಇಪ್ಪತ್ತೆರಡೂ ಸಣ್ಣದೇನಲ್ಲ, ಆದರೆ ಅದನ್ನು ಮೊದಲ 18 ಮೀಟರಿನಲ್ಲೇ ಸುಟ್ಟುಹಾಕಿದ್ದಾಯಿತು. 60 ಅಡಿಯಲ್ಲಿ ಕಳೆದ ಪ್ರತಿ 0.1 ಸೆಕೆಂಡು ಕೊನೆಯಲ್ಲಿ 0.15ರಿಂದ 0.2 ಆಗಿ ಕಾಣಿಸಿಕೊಳ್ಳುತ್ತದೆ ಅನ್ನುವುದು ಹಳೆಯ ಲೆಕ್ಕ. ಇಲ್ಲಿ ಕಳೆದದ್ದು 0.34. ಹಿಡಿತ ಮೊದಲಿನಷ್ಟೇ ಇದ್ದಿದ್ದರೂ 16.6ರ ಆಸುಪಾಸಿಗೆ ಬರಬೇಕಾದ ಕಾರು ಇದು.

ಯಾಕೆ ಹೀಗಾಯಿತು ಅನ್ನುವುದಕ್ಕೆ ಡೈನೊ (ಎಂಜಿನ್ನಿನ ಕಸುವು ಅಳೆಯುವ ಯಂತ್ರ) ಬೇಕಿಲ್ಲ, ಪೆನ್ನು ಸಾಕು. ಡ್ರೈವರ್ ಸೇರಿ ಕಾರಿನ ತೂಕ 1180 ಕೆ.ಜಿ., ಅದರಲ್ಲಿ ಎಂಜಿನ್ ತಿರುಗಿಸುವ ಮುಂದಿನ ಚಕ್ರಗಳ ಮೇಲೆ 60 ಪರ್ಸೆಂಟ್, ಅಂದರೆ 708 ಕೆ.ಜಿ. ಎಂದಿಟ್ಟುಕೊಳ್ಳಿ. ಕಾರು ಮುಂದಕ್ಕೆ ಜಿಗಿದಾಗ ಭಾರ ಹಿಂದಕ್ಕೆ ವಾಲುತ್ತದೆ. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 2.47 ಮೀಟರು, ಗುರುತ್ವ ಕೇಂದ್ರ ನೆಲದಿಂದ 55 ಸೆಂ.ಮೀ. ಮೇಲೆ ಎಂದು ಹಿಡಿದರೆ, 0.45 ಜಿ (ಗುರುತ್ವದ 0.45 ಪಟ್ಟು) ವೇಗೋತ್ಕರ್ಷದಲ್ಲಿ ಮುಂದಿನಿಂದ ಸುಮಾರು 118 ಕೆ.ಜಿ. ಹೋಯಿತು. ಉಳಿದದ್ದು 590. ಸಾಧಾರಣ ಟೈರಿನ ಹಿಡಿತ 0.9 ಅಂದರೆ ನೆಲವನ್ನು ತಳ್ಳಲು ಸಿಗುವುದು 531 ಕೆ.ಜಿ. ಬಲ, ಅಷ್ಟೇ. ಈಗ ಗೇರು ನೋಡಿ. ಮೊದಲ ಗೇರಿನ ಅನುಪಾತ 3.7, ಫೈನಲ್ ಡ್ರೈವ್ (ಚಕ್ರಕ್ಕೆ ಮುಟ್ಟುವ ಮೊದಲಿನ ಕೊನೆಯ ಗೇರು ಜೋಡಿ) 3.9 ಅಂದುಕೊಂಡರೆ ಎಂಜಿನ್ ಟಾರ್ಕ್ ಚಕ್ರಕ್ಕೆ ಮುಟ್ಟುವಷ್ಟರಲ್ಲಿ 14.4 ಪಟ್ಟು. ನಡುವೆ ಹತ್ತು ಪರ್ಸೆಂಟ್ ಸವೆತ, ಚಕ್ರದ ತ್ರಿಜ್ಯ 30 ಸೆಂ.ಮೀ. ಹಿಂದಕ್ಕೆ ಲೆಕ್ಕ ಹಾಕಿದರೆ ಮೊದಲ ಗೇರಿನಲ್ಲಿ ಟೈರು ತಡೆಯುವ ಎಂಜಿನ್ ಟಾರ್ಕ್ ಸುಮಾರು 120 ಎನ್‌ಎಂ!

ಕಂಪನಿಯಿಂದ ಬಂದ 175 ಎನ್‌ಎಂ ಕೂಡ ಮೊದಲ ಗೇರಿಗೆ ಜಾಸ್ತಿಯೇ. ಅದನ್ನು 230ಕ್ಕೆ ಏರಿಸಿದ್ದು, ಅದೂ ಎಲ್ಲ ಗೇರಿಗೂ ಒಂದೇ ಅಳತೆಯಲ್ಲಿ. ಎರಡನೇ ಗೇರು 2.1 ಅಂದುಕೊಂಡರೆ 230 ಎನ್‌ಎಂಗೆ ಅಲ್ಲೂ ಚಕ್ರ ಜಾರುವ ಅಂಚಿನಲ್ಲೇ ಇರುತ್ತದೆ. ತಿಳಿದ ಟ್ಯೂನರ್ ಆದರೆ ಮೊದಲ ಗೇರಿಗೆ ಟಾರ್ಕ್ ಮಿತಿ ಹಾಕಿ, ಎರಡನೆಯದಕ್ಕೆ ಸ್ವಲ್ಪ ಸಡಿಲಿಸಿ, ಮೂರರಿಂದ ಪೂರ್ತಿ ಬಿಡುತ್ತಾನೆ. ಇಸಿಯುನಲ್ಲಿ ಅದಕ್ಕೆ ಸಾಮಾನ್ಯವಾಗಿ ದಾರಿ ಇರುತ್ತದೆ. ಇಲ್ಲಿ ಸಿಕ್ಕಿದ ಸಲಹೆಯೇ ಬೇರೆ: “ಏನೂ ಆಗಂಗಿಲ್ಲ ತಮ್ಮಾ, 4500 ಆರ್‌ಪಿಎಂಕ್ಕ ಹಿಡದು ಕ್ಲಚ್ ಒಮ್ಮೆಲೇ ಬಿಡು.”

ಗೇರ್‌ಬಾಕ್ಸ್ ಒಡೆದದ್ದು ಮಾತ್ರ ಕ್ಲಚ್ ಬಿಟ್ಟ ಏಟಿಗಷ್ಟೇ ಅಲ್ಲ. ಅದಕ್ಕೂ ಮೊದಲೇ ಸತ್ತಿತ್ತು, ಬರ್ನೌಟ್‌ನಲ್ಲಿ. ಟೈರು ಬಿಸಿ ಮಾಡಲೆಂದು ಎಡಗಡೆ ಚಕ್ರದ ಕೆಳಗೆ ಬಾಟಲಿ ನೀರು ಸುರಿದು, ಹ್ಯಾಂಡ್‌ಬ್ರೇಕ್ ಎಳೆದು ಹತ್ತು ಸೆಕೆಂಡು ತಿರುಗಿಸಿದ್ದು. ಎರಡು ಚಕ್ರಕ್ಕೆ ಶಕ್ತಿ ಹಂಚಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಭಾಗ ಡಿಫರೆನ್ಷಿಯಲ್; ಈ ಕಾರುಗಳಲ್ಲಿ ಇರುವುದು ಅದಕ್ಕೆ ಯಾವ ಕಡಿವಾಣವೂ ಇಲ್ಲದ ಓಪನ್ ಡಿಫರೆನ್ಷಿಯಲ್. ಒಂದು ಚಕ್ರ ಒಣ ಡಾಂಬರನ್ನು ಕಚ್ಚಿ ನಿಂತರೆ ಇನ್ನೊಂದು ಎರಡು ಪಟ್ಟು ವೇಗದಲ್ಲಿ ಸುತ್ತುತ್ತದೆ. ಮೊದಲ ಗೇರಿನಲ್ಲಿ 6000 ಆರ್‌ಪಿಎಂ ಅಂದರೆ ಜಾರುವ ಚಕ್ರಕ್ಕೆ ಗಂಟೆಗೆ 94 ಕಿ.ಮೀ., ಪಕ್ಕದ್ದಕ್ಕೆ ಸೊನ್ನೆ. ಆಗ ಡಿಫರೆನ್ಷಿಯಲ್ ಒಳಗಿನ ಪುಟ್ಟ ಹಲ್ಲುಚಕ್ರಗಳು ತಮ್ಮ ಅಡ್ಡ ಪಿನ್ನಿನ ಮೇಲೆ ಭಾರ ಹೊತ್ತು ಗಿರಗಿರ ತಿರುಗುತ್ತವೆ. ಆ ಪಿನ್ನಿಗೆ ಬೇರಿಂಗ್ ಇಲ್ಲ. ರಸ್ತೆಯ ತಿರುವಿನಲ್ಲಿ ಆಗುವ ಅಷ್ಟಿಷ್ಟು ವ್ಯತ್ಯಾಸಕ್ಕೆ ಎಣ್ಣೆಯ ಪದರ ಸಾಕು ಎಂದು ಮಾಡಿದ್ದು. ಹತ್ತು ಸೆಕೆಂಡಿಗೆ ಪದರ ಹರಿದು ಲೋಹ ಲೋಹಕ್ಕೆ ಉಜ್ಜಿತು. ಬಿಚ್ಚಿದಾಗ ಪಿನ್ನು ನೀಲಿಗಟ್ಟಿತ್ತು, ಒಂದು ಬದಿ ಬೆರಳಿಗೆ ಸಿಗುವಷ್ಟು ತಗ್ಗು, ಹಲ್ಲುಚಕ್ರದ ತೂತು ಅಂಡಾಕಾರ. ಅಂಥ ಪಿನ್ನಿನ ಮೇಲೆ 4500ರ ಹೊಡೆತ ಬಿದ್ದು ಅದು ತುಂಡಾಗಿ, ತುಂಡು ಅಲ್ಯೂಮಿನಿಯಂ ಹೊರಕವಚವನ್ನು ಸೀಳಿ ಹೊರಗೆ ಬಂತು.

ಆದ್ದರಿಂದ ಓಪನ್ ಡಿಫರೆನ್ಷಿಯಲ್ ಇರುವ ಕಾರಿಗೆ ನೀರು, ಬರ್ನೌಟ್ ಎರಡೂ ಬೇಡ. ಒದ್ದೆ ಜಾಗವನ್ನು ಸುತ್ತು ಹಾಕಿ ಬನ್ನಿ, ಚಕ್ರಕ್ಕೆ ಅಂಟಿದ ಕಲ್ಲುಮಣ್ಣು ಹೋಗಲು ಒಂದು ಕ್ಷಣ ಜಾರಿಸಿ ಬಿಟ್ಟರೆ ಸಾಕು. ಬೀದಿ ಟೈರು ಬಿಸಿಯಾದಷ್ಟೂ ಜಿಡ್ಡಾಗಿ ಹಿಡಿತ ಬಿಡುತ್ತದೆ, ಡ್ರ್ಯಾಗ್‌ಗೆಂದೇ ಮಾಡಿದ ನುಣುಪು ಟೈರು, ಅಂದರೆ ಡ್ರ್ಯಾಗ್ ಸ್ಲಿಕ್‌ನ ಬುದ್ಧಿ ಅದಕ್ಕಿಲ್ಲ. ಚಕ್ರಗಳ ವೇಗದ ಅಂತರಕ್ಕೆ ಕಡಿವಾಣ ಹಾಕುವ ಹೆಲಿಕಲ್ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಹಾಕಿಸಿಕೊಂಡವರ ಮಾತು ಬೇರೆ.

17 ಇಂಚಿನ ಅಲಾಯ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 185/60 ಆರ್15ರ ವ್ಯಾಸ 603 ಮಿ.ಮೀ., ಹಾಕಿಸಿದ 215/45 ಆರ್17ರದು 625. ಗೇರು 3.7 ಪರ್ಸೆಂಟ್ ಎತ್ತರವಾಯಿತು, ಅಂದರೆ ಎಳೆತ ಅಷ್ಟು ಇಳಿಯಿತು, ಚಕ್ರವೂ ಭಾರವಾಯಿತು. ನೋಡಲು ಚಂದ. ಅದೇ ದುಡ್ಡಿಗೆ 15 ಇಂಚಿನ ಹಗುರ ರಿಮ್, 195/50 ಆರ್15ರ ಟ್ರೆಡ್‌ವೇರ್ 200ರ (ಸವೆತ ತಾಳುವ ಅಂಕಿ; ಕಡಿಮೆಯಾದಷ್ಟೂ ರಬ್ಬರ್ ಮೆತ್ತಗೆ) ಟೈರು ಹಾಕಿದ್ದರೆ ವ್ಯಾಸ 576ಕ್ಕೆ ಇಳಿಯುತ್ತಿತ್ತು. ಹಿಡಿತ 0.9ರಿಂದ 1.1ಕ್ಕೆ ಏರಿದರೆ ಮೇಲಿನ ಲೆಕ್ಕದಲ್ಲೇ 60 ಅಡಿಗೆ 0.2 ಸೆಕೆಂಡ್ ಉಳಿಯುತ್ತದೆ. ಎಂಜಿನ್ ಮುಟ್ಟದೆ.

ಲೋವರಿಂಗ್ ಸ್ಪ್ರಿಂಗ್ ಹಾಕಿದವರು ಅಲೈನ್‌ಮೆಂಟ್ ಮಾಡಿಸಿರಲಿಲ್ಲ. ಮುಂದಿನ ಕ್ಯಾಂಬರ್ (ಚಕ್ರ ಒಳಕ್ಕೋ ಹೊರಕ್ಕೋ ವಾಲಿದ ಕೋನ) ಮೈನಸ್ ಎರಡು ಡಿಗ್ರಿಗೆ ಹೋಗಿ ಟೈರಿನ ಒಳ ಅಂಚಷ್ಟೇ ನೆಲ ಮುಟ್ಟುತ್ತಿತ್ತು. ನೇರ ಓಟಕ್ಕೆ ಸೊನ್ನೆಯಿಂದ ಮೈನಸ್ ಅರ್ಧ, ಟೋ (ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವುದು) ಸೊನ್ನೆ. ಹಿಂದಿನ ಸ್ಪ್ರಿಂಗ್ ಗಟ್ಟಿ ಮಾಡಿದರೆ ಭಾರ ಹಿಂದಕ್ಕೆ ಹೋಗುವುದೇ ಇಲ್ಲ ಎಂದು ಮಾರುವವರಿದ್ದಾರೆ. ಸುಳ್ಳು. ಎಷ್ಟು ಹೋಗುತ್ತದೆ ಅನ್ನುವುದು ಗುರುತ್ವ ಕೇಂದ್ರದ ಎತ್ತರ ಮತ್ತು ವೀಲ್‌ಬೇಸ್ ಮೇಲೆ. ಸ್ಪ್ರಿಂಗು, ಡ್ಯಾಂಪರುಗಳಿಂದ ಬದಲಾಗುವುದು ಎಷ್ಟು ಬೇಗ ಹೋಗುತ್ತದೆ ಅನ್ನುವುದಷ್ಟೇ.

ಇನ್ನು ಶಾಖ. ಈ ಕಾರಿನ ಮ್ಯಾಪ್ ಹೊಂದಿಸಿದ್ದು ಮುಂಬೈಯ ಡೈನೊ ಮೇಲೆ, 100 ಆಕ್ಟೇನ್ (ತಾನಾಗಿ ಹೊತ್ತಿಕೊಳ್ಳದೆ ತಡೆಯುವ ಗುಣದ ಅಳತೆ) ಪೆಟ್ರೋಲ್ ಹಾಕಿ. ಪುಣೆ ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರ, ಓಟ ನಡೆದ ಆಂಬಿ ವ್ಯಾಲಿ ಏರ್‌ಸ್ಟ್ರಿಪ್ ಕೂಡ ಘಾಟಿನ ಮೇಲೇ. ಗಾಳಿ ತೆಳುವಾದರೂ ಇಸಿಯು ಅಷ್ಟೇ ಒತ್ತಡ ಕೇಳುತ್ತದೆ, ಟರ್ಬೊ ಇನ್ನೂ ಜೋರಾಗಿ ತಿರುಗಿ ಗಾಳಿಯನ್ನು ಇನ್ನೂ ಬಿಸಿ ಮಾಡುತ್ತದೆ. ಎಕ್ಸ್‌ಪಿ100, ಅಂದರೆ ಇಂಡಿಯನ್ ಆಯಿಲ್‌ನ 100 ಆಕ್ಟೇನ್ ಪೆಟ್ರೋಲ್, 2020ರ ಡಿಸೆಂಬರಿನಿಂದ ಪುಣೆ, ಮುಂಬೈಗಳಲ್ಲಿ ಸಿಗುತ್ತದೆ, ಎಲ್ಲ ಬಂಕಿನಲ್ಲೂ ಅಲ್ಲ. ದಾರಿಯಲ್ಲಿ ಸಿಕ್ಕ ಸಾದಾ ಪೆಟ್ರೋಲನ್ನು ಅರ್ಧ ಟ್ಯಾಂಕ್ ಬೆರೆಸಿದ್ದಾಯಿತು. ಸಾಲಿನಲ್ಲಿ ಎಂಜಿನ್ ಆನ್ ಇಟ್ಟುಕೊಂಡು ಕಾದಿದ್ದರಿಂದ ಮೂರನೇ ಓಟಕ್ಕೆ ಒಳಗೆ ಹೋಗುವ ಗಾಳಿ 68 ಡಿಗ್ರಿ, ನಾಕ್ (ಪೆಟ್ರೋಲ್ ತಾನಾಗಿ ಹೊತ್ತಿಕೊಂಡು ಬಡಿಯುವುದು) ಆಗಿ ಇಸಿಯು ಐದಾರು ಡಿಗ್ರಿ ಟೈಮಿಂಗ್, ಅಂದರೆ ಕಿಡಿ ಬೀಳುವ ಹೊತ್ತು, ಹಿಂದಕ್ಕೆಳೆದಿತ್ತು. ಲಾಗ್‌ನಲ್ಲಿ ಇದೆಲ್ಲ ಇತ್ತು, ನೋಡಿದವರಿಲ್ಲ. ಮೂರ್ನಾಲ್ಕು ಡಿಗ್ರಿ ಮೀರಿ ಎಳೆಯುತ್ತಿದ್ದರೆ ಅಂದಿನ ಓಟ ಅಲ್ಲಿಗೇ ಬಿಡಬೇಕು. ಡೈರೆಕ್ಟ್ ಇಂಜೆಕ್ಷನ್ ಸಣ್ಣ ಟರ್ಬೊಗಳಿಗೆ ಇನ್ನೊಂದು ಕಾಟವಿದೆ: ಕಡಿಮೆ ಆರ್‌ಪಿಎಂನಲ್ಲಿ ಪೂರ್ತಿ ಬೂಸ್ಟ್ ಕೊಟ್ಟರೆ ಕಿಡಿ ಬೀಳುವ ಮೊದಲೇ ಹೊತ್ತಿಕೊಂಡು ಪಿಸ್ಟನ್ನಿನ ರಿಂಗ್ ಅಂಚು ಮುರಿಯುತ್ತದೆ. ಎಪಿಐ ಎಸ್‌ಪಿ ದರ್ಜೆಯ ಎಂಜಿನ್ ಎಣ್ಣೆ ಹಾಕಿ. 2500ರ ಕೆಳಗೆ, ಮೇಲಿನ ಗೇರಿನಲ್ಲಿ ಪೆಡಲ್ ತುಳಿಯಬೇಡಿ.

ಮಾಡಲೇಬೇಕೆಂದರೆ ಮೊದಲು ಟೈರು. ಮುಂದೆ 24ರಿಂದ 26 ಪಿಎಸ್‌ಐ, ಹಿಂದೆ 38ರಿಂದ 40, ಟೈರಿನ ಮೈಮೇಲೆ ಬರೆದ ಗರಿಷ್ಠ ಮೀರದಂತೆ. ಸ್ಟೆಪ್ನಿ, ಜಾಕ್, ಹಿಂದಿನ ಸೀಟು ಇಳಿಸಿ. ಹಿಂದಿನ ತೂಕ ಹೋದಷ್ಟೂ ಮುಂದಿನ ಪಾಲು ಏರುತ್ತದೆ. ಎರಡನೆಯದು ಎಂಜಿನ್ನಿನ ಕೆಳಗಿನ ಮೌಂಟ್. ಚಕ್ರ ಕಚ್ಚಿ ಬಿಟ್ಟು ಕಚ್ಚಿ ಬಿಟ್ಟು ಮುಂಭಾಗ ಧಡಧಡ ಕುಣಿಯುತ್ತದಲ್ಲ, ಆ ವೀಲ್ ಹಾಪ್‌ಗೆ ಮುಖ್ಯ ಕಾರಣ ಹಳೆಯ ರಬ್ಬರಿನಲ್ಲಿ ಎಂಜಿನ್ ಓಲಾಡುವುದು. ಡ್ರೈವ್‌ಶಾಫ್ಟ್ ಮುರಿಯುವುದೂ ಅದರಿಂದಲೇ. ಪಾಲಿಯುರೆಥೇನ್ ಇನ್ಸರ್ಟ್ ಹಾಕಿದರೆ ಹಾಪ್ ಇಳಿಯುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ ಡ್ಯಾಶ್‌ಬೋರ್ಡ್ ಗುಂಯ್‌ಗುಡುತ್ತದೆ, ಮನೆಯವರ ಬೈಗುಳಕ್ಕೆ ತಯಾರಿರಿ. ಹಾಪ್ ಶುರುವಾದ ಕ್ಷಣ ಪೆಡಲ್ ಬಿಡಬೇಕು, ತುಳಿದು ದಾಟಿಸಲು ನೋಡಬಾರದು. ಹೊರಡುವಾಗ 2500ರಿಂದ 3000, ಕ್ಲಚ್ಚನ್ನು ಒಂದು ಒಂದೂವರೆ ಸೆಕೆಂಡು ಜಾರಿಸುತ್ತಾ ಬಿಡಿ, ಮೊದಲ ಗೇರಿನಲ್ಲಿ ಪೆಡಲ್ ಅರ್ಧದ ಆಸುಪಾಸು, ಎರಡಕ್ಕೆ ಬಿದ್ದ ಮೇಲೆ ಪೂರ್ತಿ. ಎರಡು ಓಟದ ನಡುವೆ ಬಾನೆಟ್ ತೆಗೆದು ಇಪ್ಪತ್ತು ನಿಮಿಷ. ಇಷ್ಟಾದ ಮೇಲೂ ಮನಸ್ಸು ತಣಿಯದಿದ್ದರೆ ಮ್ಯಾಪ್, ಅದಕ್ಕೆ ಹೊಂದುವ ಕ್ಲಚ್, ಸ್ಪಾರ್ಕ್ ಪ್ಲಗ್ಗಿನ ಗ್ಯಾಪ್ 0.6ರಿಂದ 0.65 ಮಿ.ಮೀ. ಡ್ರೈ ಕ್ಲಚ್ಚಿನ ಏಳು ಗೇರಿನ ಆಟೊಮ್ಯಾಟಿಕ್ ಡಿಎಸ್‌ಜಿ ಇದ್ದರೆ ಅದರ ಮಿತಿ 250 ಎನ್‌ಎಂ ಅನ್ನುವುದು ನೆನಪಿರಲಿ.

ಆ ಗ್ಯಾರೇಜಿನವರು ಕೈಯೆತ್ತಿದರು: “ರೇಸ್ ಯೂಸ್, ನೋ ವಾರಂಟಿ ಭಾವೂ.” ಇಸಿಯು ಮುಟ್ಟಿದ್ದಕ್ಕೆ ಕಂಪನಿ ವಾರಂಟಿಯೂ ಹೋಯಿತು. ವಿಮೆಯ ಪಾಲಿಸಿಯಲ್ಲಿ ರೇಸಿಂಗ್, ಸ್ಪೀಡ್ ಟೆಸ್ಟಿಂಗ್ ಹೊರತು ಎಂದು ಅಚ್ಚಾಗಿಯೇ ಇರುತ್ತದೆ, ಒಮ್ಮೆ ತೆಗೆದು ನೋಡಿ. ಹಾಗೆಂದು ಎಕ್ಸ್‌ಪ್ರೆಸ್‌ವೇಯಲ್ಲೋ ರಾತ್ರಿ ಹಿಂಜವಡಿ ರಸ್ತೆಯಲ್ಲೋ ಪರೀಕ್ಷೆ ಮಾಡಲು ಹೋದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಇದೆ: ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು ಅಥವಾ 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಓಟದ ದಿನ ಮುಗಿದ ಮೇಲೆ ಎರಡು ಕೆಲಸ. ವಾಪಸ್ ಹೊರಡುವ ಮೊದಲು ಮುಂದಿನ ಟೈರುಗಳ ಗಾಳಿ ಸರಿಮಾಡಿಕೊಳ್ಳಿ, 24 ಪಿಎಸ್‌ಐಯಲ್ಲಿ ಘಾಟ್ ಇಳಿಯಬೇಡಿ. ಆ ವಾರವೇ ಗೇರ್‌ಬಾಕ್ಸ್ ಎಣ್ಣೆ ಬಿಳಿ ಟ್ರೇಗೆ ಇಳಿಸಿ, ಅಯಸ್ಕಾಂತ ಆಡಿಸಿ ನೋಡಿ. ಬೂದಿಯಂಥ ನುಣ್ಣನೆ ಕೆಸರು ಅಂಟಿಕೊಂಡರೆ ಮಾಮೂಲು ಸವೆತ. ಉಗುರಿಗೆ ಸಿಗುವ ಚೂರು ಬಂದರೆ ಕಾರನ್ನು ಮತ್ತೆ ಸ್ಟಾರ್ಟ್ ಮಾಡದೆ ಎಳೆಸಿಕೊಂಡು ಹೋಗಿ.